ಮೂಳೆ ಬಿಡಿಸಿದ ತೊಡೆ

ತೀರಿಹೋದ ಅಪ್ಪನ ವರ್ಷದ ಊಟಕ್ಕೆ ಮೂಸ್ ಎಂಬ ದೈತ್ಯ ಜಿಂಕೆಯ ಮಾಂಸವೇ ಆಗಬೇಕಿತ್ತು. ಅಂಗಡಿಯ ಡಬ್ಬದ ಮಾಂಸ ಬಡಿಸಿದರೂ ಊರಿನವರು ಉಂಡು ಹೋಗುತ್ತಿದ್ದರು, ನಿಜ. ಆದರೆ ಆಮೇಲೆ ಟೈಟಸ್ ಅವರೆದುರು ತಲೆ ಎತ್ತುವ ಹಾಗಿರಲಿಲ್ಲ. ಹಾಗಾಗಿ ಸೆಪ್ಟೆಂಬರಿನಲ್ಲಿ ದೋಣಿ ಇಳಿಸಿದ. ಜೊತೆಗೆ ಹೆಂಡತಿಯ ತಮ್ಮ ಎಜಾಯಸ್ ಮತ್ತು ಅಪ್ಪನ ತಂಗಿ ಮೈರಾ. ಅತ್ತೆಗೆ ಅರವತ್ತು ದಾಟಿತ್ತು, ಬರಬೇಡ ಅಂದರೆ ಕೇಳುವ ಹೆಂಗಸಲ್ಲ.

ಅಲಾಸ್ಕದ ಆ ಕಾಡಿನಲ್ಲಿ ಅಷ್ಟು ಹೊತ್ತಿಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿರಬೇಕಿತ್ತು. ಈ ವರ್ಷ ಬರೀ ಬಿಸಿಲು. ಬರ್ಚ್ ಮರಗಳ ಹಳದಿ ಎಲೆ ನದಿಯ ತುಂಬ ತೇಲುತ್ತಿತ್ತು. ದಡದುದ್ದಕ್ಕೂ ಸ್ಪ್ರೂಸ್ ಮರಗಳು ಕಪ್ಪಗೆ ಒತ್ತಾಗಿ ನಿಂತಿದ್ದವು, ಅವುಗಳಾಚೆ ನೀಲಿ ಬೆಟ್ಟಸಾಲು. ಕಣ್ಣಿಗೆ ಹಬ್ಬ, ಮಾಂಸಕ್ಕೆ ಮಾತ್ರ ಕೆಟ್ಟ ಕಾಲ.

ಒಂದು ಸಂಜೆ ಪೊದೆಯಿಂದ ಗಂಡು ಮೂಸ್ ಹೊರಬಂತು. ಕುದುರೆಗಿಂತ ಎತ್ತರ. ಟೈಟಸ್ ಒಂದೇ ಗುಂಡಿಗೆ ಕೆಡವಿದ. ಯಾರೂ ಕೇಕೆ ಹಾಕಲಿಲ್ಲ. ಅತ್ತೆ ಅದರ ಹಣೆ ಮುಟ್ಟಿ ಮೆಲ್ಲಗೆ ಏನೋ ಹೇಳಿದಳು, ಆಮೇಲೆ ಅಂಗಿಯ ತೋಳು ಮಡಚಿದಳು.

"ಬೇಗ ಸುಲೀರೋ! ಚರ್ಮ ಅಂದ್ರೆ ಕಂಬಳಿ. ಹೊದ್ದುಕೊಂಡೇ ಇದ್ರೆ ಮಾಂಸ ಒಳಗೇ ಕೆಡತ್ತೆ."

ಸುಲಿದರು, ಕಡಿದರು, ದಡಕ್ಕೆ ಹೊತ್ತರು. ತೊಡೆಯ ಭಾರಕ್ಕೆ ಎಜಾಯಸ್‌ನ ಸೊಂಟ ಬಗ್ಗಿತ್ತು.

"ಭಾವ, ಅಕ್ಕನ್ನ ಕೊಟ್ಟಿದ್ದೂ ಅಲ್ದೆ ಈ ಚಾಕರಿ ಬೇರೆನಾ?"

"ಅವಳ ಜೊತೆ ಬಾಳ್ತಿರೋದು ನಾನು ಕಣೋ. ನಡಿ, ನಡಿ."

ಎರಡು ಮರಗಳ ನಡುವೆ ಗಳ ಕಟ್ಟಿ, ಒಂದಕ್ಕೊಂದು ತಾಗದಂತೆ ತುಂಡುಗಳನ್ನು ತೂಗುಹಾಕಿದರು. ಕೆಳಗೆ ಹಸಿ ಸೌದೆಯ ಹೊಗೆ ಎಬ್ಬಿಸಿದರು, ನೊಣ ಮುತ್ತಬಾರದಲ್ಲ.

ಮರುದಿನ ಮಧ್ಯಾಹ್ನ ಅತ್ತೆ ತೊಡೆಯ ಕೀಲಿನ ಸಂದಿಗೆ ಬೆರಳು ತೂರಿಸಿದಳು.

"ಮೇಲೆ ಒಣಗಿದೆ, ಮೂಳೆ ಹತ್ರ ಇನ್ನೂ ಬಿಸಿ. ಸೀಳಿ ಮೂಳೆ ತೆಗಿ, ಟೈಟಸ್."

"ಆಗಲ್ಲ ಅತ್ತೆ. ಅಪ್ಪ ಇಡೀ ತೊಡೆ ಹೊತ್ಕೊಂಡು ದಡಕ್ಕಿಳೀತಿದ್ದ. ಊರೆಲ್ಲ ನಿಂತು ನೋಡ್ತಿತ್ತು. ಅವನ ಊಟಕ್ಕೇ ನಾನು ಚೂರು ಮಾಡಿ ಒಯ್ಯಲಾ?"

"ನಿಮ್ಮಪ್ಪ ಹಿಮ ಬಿದ್ಮೇಲೆ ಬೇಟೆಗೆ ಹೊರಡ್ತಿದ್ದ."

ಟೈಟಸ್‌ಗೆ ಸಿಟ್ಟು ಬಂತು. ಅಪ್ಪನ ಹಾಗೆ ದಡಕ್ಕಿಳಿಯಬೇಕೆಂದು ವರ್ಷವಿಡೀ ಆಸೆಪಟ್ಟಿದ್ದ. ದೂರ ಹೋಗಿ ಕೂತ. ಕೂತಲ್ಲೇ ಕೂರಲಾಗದೆ ಎದ್ದು ಬಂದು ಕೀಲಿಗೆ ಮೂಗು ತಾಗಿಸಿದ. ಸಣ್ಣಗೆ ಹುಳಿ ವಾಸನೆ. ಇನ್ನೊಂದು ಹಗಲು ಕಳೆದರೆ ಇಡೀ ತೊಡೆ ಹಾಳು, ಜೊತೆಗೆ ಅಪ್ಪನ ಊಟವೂ ಹಾಳು. ತೊಡೆ ಇಳಿಸಿ ಚಾಕು ಹಾಕಿದ. ಕೀಲಿನ ಸುತ್ತ ಒಂದು ಹಿಡಿ ಮಾಂಸ ಕೆಟ್ಟಿತ್ತು, ಉಳಿದದ್ದು ಚೆನ್ನಾಗಿತ್ತು. ಕೆಟ್ಟ ಮಾಂಸ ಅಂಟಿದ್ದ ಹಾಗೆಯೇ ಮೂಳೆಯನ್ನು ಬಿಡಿಸಿ ತೆಗೆದ.

"ಭಾವ," ಎಜಾಯಸ್‌ನ ದನಿ ಉಡುಗಿತ್ತು. "ಕೋವಿ ಎಲ್ಲಿ?"

ಕೋವಿ ದೋಣಿಯಲ್ಲಿತ್ತು. ದೋಣಿಗೂ ಅವರಿಗೂ ನಡುವೆ ಕರಡಿ ನಿಂತಿತ್ತು.

ಅದು ಹಿಂಗಾಲಿನ ಮೇಲೆ ಎದ್ದು ಗಾಳಿ ಮೂಸಿತು.

"ಓಡಬೇಡಿ," ಅಂದಳು ಅತ್ತೆ. ಆಮೇಲೆ ಕರಡಿಯತ್ತ ತಿರುಗಿದಳು. "ಅಜ್ಜಾ, ಕರುಳಿನ ಗುಡ್ಡೆ ಆ ಕಡೆ ಇದೆ, ಅದು ನಿನ್ನ ಪಾಲು. ಇದು ನಮ್ಮಣ್ಣನ ಊಟ. ಹೋಗಪ್ಪಾ."

ಕರಡಿ ಮುಂಗಾಲು ಊರಿ ಒಂದು ಹೆಜ್ಜೆ ಮುಂದೆ ಬಂತು. ಇನ್ನೊಂದು ಹೆಜ್ಜೆ.

ಟೈಟಸ್ ಕೈಲಿದ್ದ ಮೂಳೆಯನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಪೊದೆಯತ್ತ ಬೀಸಿ ಎಸೆದ. ಕರಡಿ ತಲೆ ತಿರುಗಿಸಿತು. ವಾಸನೆ ಹಿಡಿದು ಪೊದೆಗೆ ನುಗ್ಗಿತು. ಒಳಗಿನಿಂದ ಮೂಳೆ ಕಟಕಟ ಮುರಿಯುವ ಸದ್ದು ಕೇಳಿಸಿತು.

"ಹೊರಡಿ, ಹೊರಡಿ!" ಅಂದ ಟೈಟಸ್.

ದೋಣಿಯ ತಳಕ್ಕೆ ರೆಂಬೆ ಹಾಸಿ ಮಾಂಸ ಎಳೆದು ತುಂಬಿದರು. ಎಜಾಯಸ್ ಗಾಬರಿಯಲ್ಲಿ ಟಾರ್ಪಾಲು ಸುತ್ತಲು ಹೋಗಿ ಅತ್ತೆಯ ಕೈಲಿ ಬೈಸಿಕೊಂಡ. "ಗಾಳಿ ಆಡ್ಲಿ ಬಿಡೋ, ದಡ್ಡಾ!" ನದಿಯಲ್ಲಿ ಅಷ್ಟು ದೂರ ಇಳಿದು ಮರಳು ದಿಬ್ಬದಲ್ಲಿ ದೋಣಿ ನಿಲ್ಲಿಸಿ, ಯಾರೂ ಹೇಳದೆಯೇ ಟೈಟಸ್ ಇನ್ನೊಂದು ತೊಡೆಯ ಮೂಳೆಯನ್ನೂ ಬಿಡಿಸಿದ.

ಊರಿನ ದಡದಲ್ಲಿ ಜನ ಸೇರಿದ್ದರು. ಅಪ್ಪನ ಸಮಾಧಿಗೆ ಮಣ್ಣು ಅಗೆದಿದ್ದ ಮುದುಕ ದೋಣಿಯೊಳಗೆ ಇಣುಕಿದ.

"ತೊಡೆ ಎಲ್ಲೋ?"

"ಕೆಡ್ತಿತ್ತು, ತಾತ. ಬಿಡಿಸ್ಬಿಟ್ಟೆ." ಟೈಟಸ್‌ಗೆ ನಾಚಿಕೆಯಾಯಿತು.

ಮುದುಕ ಒಂದು ತುಂಡು ಎತ್ತಿ ಮೂಸಿದ. ತಿರುಗಿಸಿ ನೋಡಿ ಕೆಳಗಿಟ್ಟ.

ಊಟದ ದಿನ ಮಣ್ಣು ಅಗೆದವರಿಗೇ ಮೊದಲ ಪಂಕ್ತಿ. ಟೈಟಸ್ ಕೈಯಾರೆ ಬಡಿಸಿದ. ಮುದುಕ ನಿಧಾನಕ್ಕೆ ಅಗಿದ, ಬಟ್ಟಲಿನ ರಸ ಹೀರಿದ, ಬಾಯಿ ಒರೆಸಿಕೊಂಡ. ಆಮೇಲೆ ಖಾಲಿ ಬಟ್ಟಲನ್ನು ಟೈಟಸ್‌ನ ಮುಂದೆ ಚಾಚಿದ.

"ಇನ್ನೊಂದು ಸೌಟು ಹಾಕಪ್ಪಾ."

ಟೈಟಸ್‌ನ ಕಣ್ಣು ತುಂಬಿ ಬಂತು. ಎರಡು ಸೌಟು ಹಾಕಿದ.