ಕೊರಳವರೆಗಿನ ಗೆರೆ

ಹಳೇ ಸೀಸೆ ಕೊಂಡು ಸೊಲ್ಲಾಪುರದಲ್ಲಿ ಮಾರುವುದು ನನ್ನ ಕಸುಬು. ಸೀಸೆ ಎರೆಯುವ ಅಚ್ಚಿನ ಎರಡು ಹೋಳು ಕೂಡಿದಲ್ಲಿ ಗಾಜಿನ ಮೇಲೆ ಉಬ್ಬುಗೆರೆ ಉಳಿಯುತ್ತದೆ. ಅದು ಬಾಯಿ ಮುಟ್ಟಿದ್ದರೆ ಯಂತ್ರದ ಹೊಸ ಸೀಸೆ; ಕೊರಳಲ್ಲೇ ನಿಂತಿದ್ದರೆ, ಬಾಯಿಯನ್ನು ಆಮೇಲೆ ಕೈಯಿಂದ ಮಾಡಿ ಕೂಡಿಸಿದ ಹಳೆಯದು. ಕಣ್ಣು ಸೋತಿದ್ದರಿಂದ ನಾನು ಹೆಬ್ಬೆರಳಿನಿಂದಲೇ ನೋಡುತ್ತಿದ್ದೆ.

ಎಂಬತ್ತೆರಡರ ಬೇಸಿಗೆಯಲ್ಲಿ ನಿಂಬರ್ಗಾಕ್ಕೆ ಹೋಗಿದ್ದಾಗ ಅಲ್ಲಿಯ ಮಾಳಮ್ಮ ನೀಲಿ ಸೀಸೆಯೊಂದನ್ನು ತಂದಳು. ಅಂಥ ಬಿಸಿಲಲ್ಲೂ ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬೆರಳಾಡಿಸಿದೆ. ಗೆರೆ ಕೊರಳಲ್ಲೇ ನಿಂತಿತ್ತು.

"ಭಾಳ ಹಳೇದದ, ಮಾಳಮ್ಮ."

"ಬೆರಳಾಡಿಸಿದ್ರಿ, ಹೌದಿಲ್ರಿ? ಹಂಗಾದ್ರ ನಿಮ್ದೇ ಆತ್ರಿ," ಎಂದವಳು ದುಡ್ಡೂ ಕೇಳದೆ ನಡೆದುಬಿಟ್ಟಳು.

ಮನೆಗೆ ಮರಳುವ ಬಸ್ಸಿನಲ್ಲಿ ಉಳಿದ ಸೀಸೆಗಳೆಲ್ಲ ಕಾದಿದ್ದವು. ಅದೊಂದೇ ಬಾವಿನೀರಿನಷ್ಟು ತಣ್ಣಗಿತ್ತು. ಆಳಂದದಲ್ಲಿ ಇಳಿದು ಮತ್ತೆ ಮುಟ್ಟಿದರೆ ಗೆರೆ ಸೀಸೆಯ ಹೆಗಲಿಗೆ ಇಳಿದಿತ್ತು. ದಣಿವು ಅಂದುಕೊಂಡೆ. ಮನೆ ಸೇರುವಷ್ಟರಲ್ಲಿ ಗೆರೆಯೇ ಇರಲಿಲ್ಲ.

ಮರುದಿನ ತಿರುಗಿ ಕೊಡಲು ಹೋದೆ. ಮಾಳಮ್ಮ ಕೊರಳು ಮುಚ್ಚಿಕೊಳ್ಳದೆ ಬಾಗಿಲಿಗೆ ಬಂದಳು. ಸೆರಗು ಹೆಗಲ ಮೇಲೆ ಹಗುರಾಗಿ ಬಿದ್ದಿತ್ತು.

"ಯಾವ ಸೀಸೆರೀ? ನಾ ಕೊಟ್ಟಿಲ್ರೀ," ಅಂದಳು.

ಅಂದೇ ಸ್ನಾನ ಮಾಡುವಾಗ ನನ್ನ ಹೊಕ್ಕುಳ ಬಳಿ ಸಣ್ಣದೊಂದು ಉಬ್ಬುಗೆರೆ ಕೈಗೆ ಸಿಕ್ಕಿತು. ಬಿಸಿನೀರು ಸುರಿದರೂ ಅದು ತಣ್ಣಗೇ ಇತ್ತು. ವರ್ಷ ಕಳೆದಂತೆ ಮೆಲ್ಲಗೆ ಮೇಲೇರಿದೆ. ಈಗ ಗಡ್ಡ ಕೆರೆಯುವಾಗ ಬ್ಲೇಡು ಕೊರಳಲ್ಲಿ ಎಡವುತ್ತದೆ.

ಬಾಯಿ ಇನ್ನೂ ಮುಟ್ಟಿಲ್ಲ.