ನೇತ್ರಾ ಮುಳುಗಿದ ಅಧ್ಯಾಯ

ಕಲಾವತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಊಟದ ಮೇಜಿನ ಮೇಲಿದ್ದ ಕೊನೆಯ ಅಧ್ಯಾಯ ಮಾಯ! ಕೈಯಲ್ಲಿ ಬರೆದ ಹಾಳೆಗಳು. ಬೇರೆ ಪ್ರತಿ ಇಲ್ಲ. ವರ್ಷಗಟ್ಟಲೆ ಕೂತು ಬರೆದ ಕಾದಂಬರಿಗೆ ಈಗ ಕೊನೆಯೇ ಇರಲಿಲ್ಲ.

ನನ್ನ ಹೆಂಡತಿ ಲಕ್ಷ್ಮಿದೇವಮ್ಮ ನಿವೃತ್ತ ಸಬ್ ಇನ್ಸ್‌ಪೆಕ್ಟರ್. ನಾನು ಬೈರಪ್ಪ, ಅವಳ ಸ್ಕೂಟರಿನ ಡ್ರೈವರ್ — ಸಂಬಳ ಇಲ್ಲ, ಬೈಗುಳ ಧಾರಾಳ. ೨೦೦೪ರ ಆ ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಕಲಾವತಿಯ ಫೋನ್ ಬಂದಾಗ ನಾನು ಇಡ್ಲಿಗೆ ಕೈ ಹಾಕಿದ್ದೆ. ತಿನ್ನೋಕೆ ಬಿಟ್ಟಳಾ ಮಹಾತಾಯಿ? ವಿಜಯನಗರಕ್ಕೆ ಗಾಡಿ ತೆಗೆಸಿದಳು.

ಕಲಾವತಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಮದುವೆಯಾಗಿಲ್ಲ. ಅಕ್ಕ ಜಗದಾಂಬಾ ಕೂಡ ಆಗಿಲ್ಲ. ತಂಗಿಯನ್ನು ಸಾಕಿದ್ದೇ ಅವರು. ಹೊನ್ನಾವರದ ಕಡೆಯ ಸಮುದ್ರದ ಊರು ಬಿಟ್ಟು ಸಂಸಾರ ಬೆಂಗಳೂರಿಗೆ ಬಂದಾಗ ಕಲಾವತಿ ಕೈಕೂಸು.

ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದವರು ಇನ್ನು ಮೂವರೇ. ರಾಜಾಜಿನಗರದ ಪ್ರಕಾಶಕ ಗಿರಿರಾಜ್ ಅಧ್ಯಾಯ ಒಯ್ಯಲು ಬಂದು ವರಾಂಡದಲ್ಲಿ ಕೂತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ್ದ ವಿಜಾಪುರದ ಕಡೆಯ ಗುರವ್ವ ಅಡುಗೆಮನೆಯಲ್ಲಿದ್ದಳು. ಜಗದಾಂಬಾ ಮಂಡಿನೋವು ಅಂತ ಬೆಳಗಿನಿಂದ ಮಂಚ ಬಿಟ್ಟಿಳಿದಿರಲಿಲ್ಲವಂತೆ. ಗೇಟು ತನ್ನ ಕಣ್ಣೆದುರೇ ಇತ್ತು, ಹೊರಗಿನವರು ಯಾರೂ ಬರಲಿಲ್ಲ ಅಂತ ಗಿರಿರಾಜ್ ಹೇಳಿದ.

ಕಲಾವತಿಯ ಅನುಮಾನವೆಲ್ಲ ಗುರವ್ವನ ಮೇಲೆ. ಹಂಡೆ ಒಲೆಗೆ ಹಳೇ ಪೇಪರ್ ಹಾಕುವವಳು ಅವಳೇ. ಲಕ್ಷ್ಮಿ ಒಲೆ ಕೆದಕಿಸಿದಳು. ಕೆದಕಿದ್ದು ನಾನು, ಬಿಡಿ. ತೆಂಗಿನ ಸಿಪ್ಪೆಯ ಬೂದಿ ಬಿಟ್ಟರೆ ಒಂದು ಚೂರು ಕಾಗದವಿಲ್ಲ. ಕೊನೆಯನ್ನು ಬದಲಿಸಿ ಅಂತ ಗಿರಿರಾಜ್ ಹಿಂದಿನ ವಾರವೇ ಜಗಳ ಆಡಿದ್ದನಂತೆ. ಅವನ ಚೀಲ ಸುರಿದೆವು. ಅದೂ ಖಾಲಿ.

ಗುರವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದಳು: "ಈ ಮನಿಯಾಗ ಏನೋ ಐತ್ರಿ ಅಮ್ಮಾರ. ದಿನಾ ಕೊಡ ತೊಳದು ಡಬ್ಬ ಹಾಕ್ತೀನಿ. ಹೊಳ್ಳಿ ಬರೂದ್ರಾಗ ನೆಟ್ಟಗ ಕುಂತಿರತೈತಿ. ಒಳಗ ನೀರು ಬ್ಯಾರೆ. ಉಪ್ಪುಪ್ಪು."

ದೆವ್ವಕ್ಕೆ ಬೇರೆ ಕೆಲಸವಿಲ್ಲವೇ ಅಂತ ನಕ್ಕೆ. ಲಕ್ಷ್ಮಿ ನಗಲಿಲ್ಲ. ಅಡುಗೆಮನೆ ಕಟ್ಟೆ ನೋಡಿದಳು. ತಟ್ಟೆ, ಲೋಟ, ಪಾತ್ರೆ — ಎಲ್ಲ ಬೋರಲು. ಹಿತ್ತಾಳೆ ಕೊಡ ಒಂದೇ ಬಾಯಿ ಮೇಲೆ ಮಾಡಿ ಕೂತಿತ್ತು. ಯಾರೂ ನೋಡದಾಗ ತಳದ ನೀರಿಗೆ ಬೆರಳದ್ದಿ ನಾಲಗೆಗಿಟ್ಟೆ. ಸತ್ಯವಾಗಿಯೂ ಉಪ್ಪು! ನಲ್ಲಿಯ ನೀರು ಹೀಗಿರುವುದಿಲ್ಲ. ಹೆಂಡತಿಗೆ ಹೇಳಿದರೆ ಬಿ.ಪಿ. ಮಾತ್ರೆ ತಗೊಂಡ್ರಾ ಅಂತಾಳೆ ಅಂತ ಸುಮ್ಮನಾದೆ.

"ಇವತ್ತು ಕೊಡ ಬೋರಲು ಹಾಕಿದ್ದು ಯಾವಾಗ?" ಲಕ್ಷ್ಮಿ ಕೇಳಿದಳು.

"ಇವ್ರು ಜಳಕಕ್ಕ ಹೋದಾಗ್ರಿ. ಆಮ್ಯಾಲೆ ಹಿತ್ತಲಕ್ಕ ಅರಿವಿ ಒಗಿಯಾಕ ಹೋದ್ನಿರಿ."

ಕಲಾವತಿಗೆ ಈ ಕೊಡದ ವಿಚಾರವೇ ಗೊತ್ತಿರಲಿಲ್ಲ. ಅವಳಿಗೆ ಅಡುಗೆಮನೆ ಅಂದರೆ ಕಾಫಿ ಬರುವ ದಿಕ್ಕು, ಅಷ್ಟೇ. ಲಕ್ಷ್ಮಿ ಅವಳನ್ನು ಜಗದಾಂಬಾ ಅವರ ಕೋಣೆಗೇ ಕರೆದೊಯ್ದಳು. ಗಿರಿರಾಜನೂ ಹಿಂದೆಯೇ ಬಂದ.

"ಕಳೆದುಹೋದ ಅಧ್ಯಾಯದಲ್ಲಿ ಏನಿದೆ?"

ಕಲಾವತಿ ಹೇಳಿದಳು. ಹಾಯಿ ಹಡಗಿನ ಕಾಲ. ಕರಾವಳಿಯ ಅಕ್ಕ ತಂಗಿ. ಮನೆಯವರು ನೀರಿನ ಮೇಲಿದ್ದಾಗ ಕೊಡ ಬೋರಲು ಹಾಕಬಾರದು, ಹಾಕಿದರೆ ದೋಣಿ ಮಗುಚುತ್ತದೆ ಅಂತ ಆ ಊರಿನ ನಂಬಿಕೆ. ಅಕ್ಕ ಹೊಟ್ಟೆಕಿಚ್ಚಿಗೆ ಬೇಕೆಂದೇ ಹಾಕುತ್ತಾಳೆ. ತಂಗಿ ನೇತ್ರಾ ಮುಳುಗುತ್ತಾಳೆ.

"ನಂಬಿಕೆ ಯಾರು ಹೇಳಿದ್ದು?"

"ಯಾರೂ ಇಲ್ಲ. ನಾನೇ ಕಟ್ಟಿದ್ದು."

"ನೀವು ಕಟ್ಟಿದ ನಂಬಿಕೆಯನ್ನ ಈ ಮನೇಲಿ ಒಬ್ಬರು ದಿನಾ ಪಾಲಿಸ್ತಾ ಇದಾರಲ್ಲ?"

ಲಕ್ಷ್ಮಿ ಮಂಚದ ಕಡೆ ತಿರುಗಿದಳು. ಅವಳ ದನಿ ಮೆತ್ತಗಾಗಿತ್ತು.

"ತಂಗಿ ಬಚ್ಚಲಲ್ಲಿ, ಗುರವ್ವ ಹಿತ್ತಲಲ್ಲಿ, ಗಿರಿರಾಜ್ ವರಾಂಡದಲ್ಲಿ. ಆಗ ಅಡುಗೆಮನೆಗೆ ಬಂದವರು ಕೊಡ ಎತ್ತಿಟ್ಟರು. ಹಾಳೆ ಬಚ್ಚಿಡೋ ಆತುರದಲ್ಲೂ ಬೋರಲು ಬಿದ್ದ ಕೊಡ ನೋಡೋಕಾಗಲಿಲ್ಲ ನಿಮಗೆ. ಅಲ್ವಾ, ಜಗದಾಂಬಾ ಅವರೇ?"

ಜಗದಾಂಬಾ ಅಡುಗೆಮನೆಯ ಕಡೆ ಕೈ ತೋರಿಸಿದರು.

"ಅಕ್ಕಿ ಡ್ರಮ್ಮಿನಲ್ಲಿದೆ. ಸುಡೋಕೆ ಕೈ ಬರಲಿಲ್ಲ."

ಕಲಾವತಿ ಸಿಟ್ಟಿನಿಂದ ಮಂಚದ ಹತ್ತಿರಕ್ಕೆ ನುಗ್ಗಿದಳು. ಸಾಕಿ ಸಲಹಿದ ಕೈಯೇ ಹೀಗೆ ಮಾಡಿತಲ್ಲ ಅಂತ ಅವಳಿಗೆ ಅಳು ಬಂತು. "ಯಾಕಕ್ಕ?"

"ನೇತ್ರಾ ಅನ್ನೋ ಹೆಸರು ನಿನಗೆ ಯಾರು ಹೇಳಿದ್ರು?"

"ಬರೀತಾ ಬರೀತಾ ತಾನಾಗೇ ಬಂತು."

"ನಮ್ಮಿಬ್ಬರ ನಡುವೆ ಒಬ್ಬಳಿದ್ದಳು ಕಣೇ. ಅವಳ ಹೆಸರು ಅದೇ."

ಜಗದಾಂಬಾ ನಿಧಾನವಾಗಿ ಹೇಳಿದರು. ಅಪ್ಪ ನೇತ್ರಾಳನ್ನು ದೋಣಿಯಲ್ಲಿ ಕರೆದೊಯ್ದ, ಇವರನ್ನು ಬಿಟ್ಟು. ಸಿಟ್ಟಿಗೆ ಇವರು ಕೊಡ ಬೋರಲು ಹಾಕಿದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಅಪ್ಪ ಒಬ್ಬನೇ ಈಜಿ ಬಂದ. ಅಮ್ಮ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತದ ಹಾಗೆ ಮಾಡಿದಳು. ಕಲಾವತಿ ಆಗ ಅಮ್ಮನ ಹೊಟ್ಟೆಯಲ್ಲಿದ್ದಳು.

ಅಷ್ಟರಲ್ಲಿ ಗುರವ್ವ ಡ್ರಮ್ಮಿನಿಂದ ಹಾಳೆಗಳನ್ನು ತಂದು ಕೊಟ್ಟಳು. ಕಲಾವತಿ ಅವಳ ಕೈ ಹಿಡಿದು, ನನ್ನದು ತಪ್ಪಾಯ್ತು ಅಂದಳು. ಆಮೇಲೆ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ಹರಿಯಲು ಹೋದಳು. ಗಿರಿರಾಜನ ಮುಖ ಬಿಳಿಚಿಕೊಂಡಿತು.

"ಹರೀಬೇಡ," ಜಗದಾಂಬಾ ಅವಳ ಮಣಿಕಟ್ಟು ಹಿಡಿದರು. "ಅಚ್ಚಾಗಲಿ. ಆದರೆ ನೀನು ಬರೆದ ಅಕ್ಕ ದೊಡ್ಡ ಹೆಂಗಸು. ತಿಳಿದೂ ತಿಳಿದೂ ಮಾಡ್ತಾಳೆ. ನನಗೆ ಆಗ ಒಂಬತ್ತು ವರ್ಷ ಕಣೇ. ಅವಳನ್ನ ಚಿಕ್ಕ ಹುಡುಗಿ ಮಾಡು."

ಕಲಾವತಿ ಗಿರಿರಾಜನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು, ಮೊದಲ ಸಾಲಿನಿಂದ ತಿದ್ದತೊಡಗಿದಳು.