ಆಸವಶಾಲೆಯ ಅತಿಥಿ

ಹೊನ್ನವಟ್ಟಿಯ ರಾಜಧಾನಿ ವಿಜಯೋತ್ಸವಕ್ಕೆ ಸಿಂಗಾರಗೊಳ್ಳುತ್ತಿತ್ತು. ಕೋಟೆಯ ಏಳು ಬಾಗಿಲುಗಳಿಗೂ ಮಾವಿನ ಚಿಗುರಿನ ತೋರಣ ಏರಿತ್ತು. ರಾಜಬೀದಿಯಲ್ಲಿ ಕಂಚುಗಾರರೂ ಹೂವಾಡಿಗರೂ ಕೆಲಸ ಬಿಟ್ಟು, ಪಟ್ಟದಾನೆಯ ದಂತಕ್ಕೆ ಚಿನ್ನದ ಬಳೆ ತೊಡಿಸುವುದನ್ನು ನೋಡಲು ನೂಕಾಡುತ್ತಿದ್ದರು. ಆ ಕೋಲಾಹಲವೆಲ್ಲ ಅರಮನೆಯ ಮೂಡಣ ಗೋಡೆಯ ಹಿಂದಿನ ಕಲ್ಲುಮನೆಗೆ ದೂರದ ಜೇನಿನ ಮೊರೆತದಂತೆ ಮಾತ್ರ ಕೇಳಿಸುತ್ತಿತ್ತು. ಅದು ದೊರೆಯ ಮದ್ಯ ಸಿದ್ಧವಾಗುವ ಆಸವಶಾಲೆ. ಅಲ್ಲಿ ಬೊಪ್ಪಯ್ಯನು ಒಬ್ಬನೇ ಕುಳಿತು ಮಾದಲಹಣ್ಣಿನ ಸಿಪ್ಪೆ ಹೆರೆಯುತ್ತಿದ್ದನು.

ಇಪ್ಪೆಯ ಹೂವಿನಿಂದ ಬಟ್ಟಿಯಿಳಿಸಿದ ತಿಳಿಮದ್ಯದಲ್ಲಿ ಹಣ್ಣುಗಳನ್ನು ನೆನೆಹಾಕಿ, ಅವುಗಳ ಬಣ್ಣವನ್ನೂ ಕಂಪನ್ನೂ ಬಸಿದುಕೊಳ್ಳುವ ವಿದ್ಯೆಯಲ್ಲಿ ಅವನಿಗೆ ಸಮಾನರಿರಲಿಲ್ಲ. ನೇರಳೆಗೆ ನಲವತ್ತು ದಿನ, ದಾಳಿಂಬೆಗೆ ಎರಡು ತಿಂಗಳು, ಮಾದಲಕ್ಕೆ ಮೂರು ವರ್ಷ. ಸಿಪ್ಪೆಯೊಡನೆ ಬಿಳಿಯ ಒಳತೊಗಟೆ ಚೂರು ಸೇರಿದರೂ ಭಾಂಡವೆಲ್ಲ ಕಹಿ. ಆದರೆ ಆ ಪದವಿಗೆ ಒಂದು ಕಟ್ಟಳೆಯಿತ್ತು: ದೊರೆಯ ಪಾನಕ್ಕೆ ಹೊಣೆಯಾದವನು ಯಾರ ಮನೆಯಲ್ಲೂ ಉಣ್ಣಬಾರದು, ಯಾರನ್ನೂ ಮನೆಗೆ ಕರೆಯಬಾರದು, ಸಂಸಾರ ಹೂಡಬಾರದು. ಹೀಗೆ ಇಪ್ಪತ್ತೆರಡು ವರ್ಷ ಕಳೆದಿದ್ದವು. ಬೊಪ್ಪಯ್ಯನು ಭಾಂಡಗಳೊಡನೆ ಮಾತನಾಡುವುದನ್ನು ಕಲಿತಿದ್ದನು. ಅವು ಮರುನುಡಿಯುವುದಿಲ್ಲವೆಂಬ ಕೊರತೆಯನ್ನೂ ಮರೆತಿದ್ದನು.

ಆ ಕೊರತೆಯನ್ನು ಮತ್ತೆ ನೆನಪಿಗೆ ತಂದವನು ದಂಡನಾಯಕ ಇರುಗಮಯ್ಯ. ಕೋಟೆಯ ಯಾವ ಬಾಗಿಲೂ ಅವನಿಗೆ ಮುಚ್ಚಿರಲಿಲ್ಲ. ಬೀಗಮುದ್ರೆ ಪರೀಕ್ಷಿಸುವ ನೆಪದಲ್ಲಿ ಒಂದು ಮಧ್ಯಾಹ್ನ ಬಂದವನು ಮರುದಿನವೂ ಬಂದನು. ಹೀಗೆ ನಲವತ್ತು ಮಧ್ಯಾಹ್ನ. ರಾಜ್ಯದ ಸೇನೆಯನ್ನು ನಡೆಸುವವನು ಮಣೆಯ ಮೇಲೆ ಕುಳಿತು ನೇರಳೆಯ ಬೀಜ ಬಿಡಿಸುತ್ತ, ತನ್ನ ತಾಯಿಯ ಕೋಪವನ್ನೂ ಮೊದಲ ಯುದ್ಧದಲ್ಲಿ ತನಗಾದ ಭಯವನ್ನೂ ಹೇಳಿಕೊಂಡು ನಗುತ್ತಿದ್ದನು. ಬೊಪ್ಪಯ್ಯನಂತೂ ಊಟವಾದೊಡನೆ ಎರಡನೆಯ ಮಣೆಯನ್ನು ಒರೆಸಿ ಕಾಯತೊಡಗಿದನು.

ಉತ್ಸವದ ಹಿಂದಿನ ಮಧ್ಯಾಹ್ನ ಇರುಗಮಯ್ಯನು ನಗಲಿಲ್ಲ.

"ಬೊಪ್ಪಯ್ಯ, ದೊರೆ ಕೇತರಸನು ಇನ್ನೂ ಎಳೆಯ. ರಾಜ್ಯಕ್ಕೆ ಗಟ್ಟಿ ಕೈ ಬೇಕು. ನಾಳೆ ದೊರೆಯ ಭಾಂಡಕ್ಕೆ ನಾನು ಕೊಟ್ಟದ್ದನ್ನು ಬೆರೆಸು. ಪದ್ಧತಿಯಂತೆ ಮೊದಲ ಪಾತ್ರೆಯನ್ನು ನೀನೇ ಕುಡಿದು ತೋರಿಸಿದರೂ ಭಯವಿಲ್ಲ. ಜಾವ ಕಳೆದ ಮೇಲಷ್ಟೇ ಅದು ಏರುವುದು, ಅಷ್ಟರಲ್ಲಿ ನಿನಗೆ ಪ್ರತಿಮದ್ದು ಕೊಡಿಸುತ್ತೇನೆ. ಆಮೇಲೆ ಈ ಕಟ್ಟಳೆಯೂ ಇರದು. ನನ್ನ ಮನೆಯ ಪಂಕ್ತಿಯಲ್ಲೇ ಉಣ್ಣುವೆಯಂತೆ."

ಬೊಪ್ಪಯ್ಯನ ಕೈಯಿಂದ ಹಣ್ಣು ಜಾರಿತು. "ಬೇಡ ಪ್ರಭು. ಆ ಮಾತನ್ನು ನಾನು ಕೇಳಿಲ್ಲವೆಂದುಕೊಳ್ಳುತ್ತೇನೆ."

ಇರುಗಮಯ್ಯನು ಕ್ಷಣಕಾಲ ದಿಟ್ಟಿಸಿ, ಗಹಗಹಿಸಿ ನಕ್ಕು ಅವನ ಬೆನ್ನು ತಟ್ಟಿದನು. "ಭಲೆ! ನಿನ್ನ ನಿಷ್ಠೆಯನ್ನು ಪರೀಕ್ಷಿಸಿದೆನಯ್ಯ."

ಬೊಪ್ಪಯ್ಯನು ನಂಬಿದನು. ನಂಬದಿದ್ದರೆ ಎರಡನೆಯ ಮಣೆ ಬರಿದಾಗುತ್ತಿತ್ತು.

ಮರುದಿನ ಒಡ್ಡೋಲಗ ನೆರೆಯಿತು. ಭಾಂಡವನ್ನು ಹೊತ್ತುತಂದವರು ದಂಡನಾಯಕನ ಆಳುಗಳು. ಪದ್ಧತಿಯಂತೆ ಬೊಪ್ಪಯ್ಯನು ಮೊದಲ ಪಾತ್ರೆಯನ್ನು ತುಂಬಿ ಮುಖದ ಬಳಿ ತಂದನು. ಮೂರು ವರ್ಷದ ಮಾದಲದ ಕಂಪಿನಡಿಯಲ್ಲಿ, ಹಸಿಬೇರನ್ನು ಜಜ್ಜಿದಂಥ ಒಂದು ನಾತ ಅಡಗಿತ್ತು. ಬೇರೆ ಯಾವ ಮೂಗೂ ಅದನ್ನು ಹಿಡಿಯಲಾರದು. ಅವನು ತಲೆಯೆತ್ತಿ ಇರುಗಮಯ್ಯನನ್ನು ನೋಡಿದನು. ಇರುಗಮಯ್ಯನು ನೆಲವನ್ನು ನೋಡುತ್ತಿದ್ದನು.

ಬೊಪ್ಪಯ್ಯನು ಕಾಲೆತ್ತಿ ಭಾಂಡವನ್ನು ಒದ್ದನು. ಹೊಂಬಣ್ಣದ ಮದ್ಯ ಸಿಂಹಾಸನದ ಮೆಟ್ಟಿಲವರೆಗೆ ಹರಿಯಿತು.

"ರಾಜದ್ರೋಹಿ! ಹುಚ್ಚ!" ಎಂದು ಕೂಗಿ ಇರುಗಮಯ್ಯನು ಕತ್ತಿ ಹಿರಿದು ನುಗ್ಗಿದನು. ವೃದ್ಧ ಪ್ರಧಾನ ಈಚಿರಾಜನು ಅಡ್ಡ ಬಂದನು.

"ಇಷ್ಟು ಆತುರವೇಕೆ, ದಂಡನಾಯಕರೇ? ಬೊಪ್ಪಯ್ಯ, ಏನಿದು?"

"ಇದು ನನ್ನ ಮದ್ಯವಲ್ಲ, ಸ್ವಾಮಿ. ಇದರಲ್ಲಿ ವಿಷವಿದೆ."

"ಸುಳ್ಳು!" ಎಂದನು ಇರುಗಮಯ್ಯ. "ಮದ್ಯ ಶುದ್ಧವಾಗಿಯೇ ಇದೆ!"

"ಹಾಗಾದರೆ ಸುಲಭವಾಯಿತು," ಎಂದು ಪ್ರಧಾನನು ಬೊಪ್ಪಯ್ಯನ ಕೈಯಲ್ಲಿ ಉಳಿದಿದ್ದ ಪಾತ್ರೆಯನ್ನು ತೋರಿಸಿದನು. "ಅದೊಂದನ್ನು ತಾವು ಸ್ವೀಕರಿಸಿ. ಆಮೇಲೆ ಇವನ ತಲೆ ತಮ್ಮದು."

ಬೊಪ್ಪಯ್ಯನು ಪಾತ್ರೆಯನ್ನು ನೀಡಿದನು. ಗೆಳೆಯನು ಅದನ್ನು ಸೆಳೆದು ಕುಡಿದುಬಿಡಲಿ, ತನ್ನ ಮೂಗೇ ಸುಳ್ಳಾಗಲಿ, ತನ್ನ ತಲೆ ಹೋದರೂ ಹೋಗಲಿ ಎಂದು ಅವನ ಮನಸ್ಸು ಹಂಬಲಿಸಿತು. ಇರುಗಮಯ್ಯನ ಕೈ ಮುಂದೆ ಬರಲಿಲ್ಲ. ಪ್ರತಿಮದ್ದಿನ ಮಾತೂ ಸುಳ್ಳೆಂದು ಬೊಪ್ಪಯ್ಯನಿಗೆ ಆಗ ತಿಳಿಯಿತು. ಕತ್ತಿ ಕೆಳಗೆ ಬಿದ್ದ ಸದ್ದು ಸಭೆಗೆಲ್ಲ ಕೇಳಿಸಿತು.

ದೊರೆ ಕೇತರಸನು ಸಿಂಹಾಸನದಿಂದ ಇಳಿದು ಬಂದು ಬೊಪ್ಪಯ್ಯನನ್ನು ಆಲಂಗಿಸಿದನು. "ಇಂದಿನಿಂದ ಆ ಕಟ್ಟಳೆ ನಿನಗಿಲ್ಲ. ಪಟ್ಟಣದ ನಡುವೆ ಮನೆ ಕೊಟ್ಟಿದ್ದೇನೆ. ಇನ್ನೇನು ಬೇಕು, ಕೇಳು."

"ಮಹಾಸ್ವಾಮಿ, ದಂಡನಾಯಕರೊಡನೆ ಒಂದು ಮಾತಿಗೆ ಅಪ್ಪಣೆಯಾಗಬೇಕು."

ಮೂರನೆಯ ದಿನ ಬೆಳಗ್ಗೆ, ಇರುಗಮಯ್ಯನ ಗಡಿಪಾರಿನ ಬಂಡಿ ಹೊರಡುವ ಮುನ್ನ, ಸೆರೆಮನೆಯ ಅಂಗಳದಲ್ಲಿ ಅವರಿಬ್ಬರು ಎದುರಾದರು.

"ಶಪಿಸಲು ಬಂದೆಯಾ?"

"ಇಲ್ಲ ಪ್ರಭು. ನಲವತ್ತು ಮಧ್ಯಾಹ್ನ ಬಂದಿರಿ. ಒಂದು ದಿನವಾದರೂ ಬರಿಯ ಮಾತಿಗಾಗಿ ಬಂದಿದ್ದಿರಾ?"

ಇರುಗಮಯ್ಯನು ಕಾದು ನಿಂತ ಬಂಡಿಯತ್ತ ನೋಡಿದನು. ಆಮೇಲೆ, ಸುಳ್ಳು ಹೇಳಿ ಪ್ರಯೋಜನವಿಲ್ಲದವನ ದನಿಯಲ್ಲಿ, "ಒಂದು ದಿನ ಬಂದಿದ್ದೆ" ಎಂದನು.

"ಯಾವ ದಿನ?"

"ನೆನಪಿಲ್ಲ, ಬೊಪ್ಪಯ್ಯ."

ಬಂಡಿ ಹೊರಟಿತು. ದೊರೆ ಕೊಟ್ಟ ಹೊಸ ಮನೆಯ ದಾರಿ ಬಲಕ್ಕಿತ್ತು. ಬೊಪ್ಪಯ್ಯನು ಎಡಕ್ಕೆ ನಡೆದು ಆಸವಶಾಲೆಯ ಬಾಗಿಲು ತೆರೆದನು. ದಾಳಿಂಬೆಯ ಬುಟ್ಟಿಯೊಂದನ್ನು ಮುಂದಿಟ್ಟುಕೊಂಡು, ಕಾಳು ಬಿಡಿಸುತ್ತ, ಆ ಮಧ್ಯಾಹ್ನಗಳನ್ನು ಒಂದೊಂದಾಗಿ ನೆನೆದನು. ನಲವತ್ತೂ ನೆನಪಿಗೆ ಬಂದವು. ಆ ಒಂದು ಯಾವುದೆಂದು ಮಾತ್ರ ತಿಳಿಯಲಿಲ್ಲ.